ಪಾಸ್‌ವರ್ಡ್ ಯಾರ ಕೈಯಲ್ಲಿದೆ?

ಕಂಬಳದ ಮಾರನೇ ದಿನ ಶಿರ್ತಾಡಿ ಪೇಟೆಯಲ್ಲಿ ಚಹಾ ಕುಡಿಯುವವರ ಮಾತು ಈಗ ಬದಲಾಗಿದೆ. ಮೊದಲು "ಯಾರ ಕೋಣ ಗೆದ್ದದ್ದು?" ಎಂದು ಶುರುವಾಗುತ್ತಿತ್ತು. ಈಗ "ಎಷ್ಟು ಸೆಕೆಂಡು?" ಎಂದು ಶುರುವಾಗುತ್ತದೆ. ಹನ್ನೊಂದು ಎಪ್ಪತ್ತು ಎಂದು ಒಬ್ಬರು. ಅಲ್ಲ ಮಾರಾಯ, ಹನ್ನೊಂದು ಎಂಬತ್ತೆರಡು ಎಂದು ಇನ್ನೊಬ್ಬರು. ಕೂಡಲೇ ಮೂರನೆಯವರು ಮೊಬೈಲ್ ತೆಗೆದು ತೋರಿಸುತ್ತಾರೆ. ಚರ್ಚೆ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ.

ನಿಜವಾಗಿ ಚರ್ಚೆ ಶುರುವಾಗಬೇಕಾದದ್ದು ಅಲ್ಲಿಂದ ಎಂದು ನಮಗೆ ಅನಿಸುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು? ಅದನ್ನು ಯಾರು ಬರೆದರು? ತಪ್ಪಿದ್ದರೆ ಯಾರ ಬಳಿ ಕೇಳಬೇಕು? ನಮ್ಮ ಊರಿನ ಆಟೋಟಗಳಿಗೆ ಯಂತ್ರ ಬಂತು, ಆ್ಯಪ್ ಬಂತು, ಕ್ಯೂಆರ್ ಕೋಡ್ ಬಂತು. ಈ ಮೂರು ಪ್ರಶ್ನೆಗಳಿಗೆ ಉತ್ತರ ಮಾತ್ರ ಹೆಚ್ಚಿನ ಕಡೆ ಇನ್ನೂ ಬಂದಿಲ್ಲ.

ಕಂಬಳದಿಂದಲೇ ಶುರು ಮಾಡೋಣ. ಮೂಡುಬಿದಿರೆ, ವೇಣೂರು, ಮಿಯಾರು ಎಲ್ಲವೂ ನಮಗೆ ಬೈಕಿನಲ್ಲಿ ಹೋಗಿ ಬರುವಷ್ಟು ದೂರ. ನವೆಂಬರ್ ಕಳೆದರೆ ಸಾಕು, ಶನಿವಾರ ರಾತ್ರಿ ಮನೆಯಲ್ಲಿ ಗಂಡಸರನ್ನು ಹುಡುಕಬೇಡಿ ಎಂದು ನಮ್ಮ ಅಜ್ಜಿಯಂದಿರು ಹೇಳುವುದುಂಟು. ಹಿಂದೆ ಮಂಜೊಟ್ಟಿಯಲ್ಲಿ ನಿಂತ ತೀರ್ಪುಗಾರರ ಕಣ್ಣೇ ಎಲ್ಲ. ಎರಡು ಕರೆಗಳಲ್ಲಿ ಎರಡು ಜೋಡಿ ಒಟ್ಟಿಗೆ ಬಂದರೆ, ನೀರು ಎದ್ದು ಮುಖಕ್ಕೆ ರಾಚುವ ಹೊತ್ತಿನಲ್ಲಿ, ಯಾವ ಕೋಣದ ಮೂಗು ಮುಂದೆ ಎಂದು ಹೇಳುವುದು ಸುಲಭದ ಕೆಲಸ ಅಲ್ಲ. ಒಂದೋ ಸಮ-ಸಮ ಎನ್ನಬೇಕು, ಇಲ್ಲವೇ ಇನ್ನೊಮ್ಮೆ ಓಡಿಸಬೇಕು, ಇಲ್ಲವೇ ಜಗಳ ನೋಡಬೇಕು.

ಲೇಸರ್ ಕಿರಣದ ವ್ಯವಸ್ಥೆ ಬಂದ ಮೇಲೆ ಈ ತಾಪತ್ರಯ ಬಹಳ ಕಡಿಮೆಯಾಯಿತು. ಕಿರಣ ತುಂಡಾದ ಕ್ಷಣ ಗಡಿಯಾರ ನಿಲ್ಲುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಲೆಕ್ಕ ಬೋರ್ಡಿನಲ್ಲಿ ಕಾಣುತ್ತದೆ. ದೊಡ್ಡ ಮನೆತನದ ಕೋಣ, ಸಣ್ಣ ರೈತನ ಕೋಣ ಎಂಬ ಭೇದ ಕಿರಣಕ್ಕೆ ಗೊತ್ತಿಲ್ಲ. ಇದು ಸಣ್ಣ ಬದಲಾವಣೆ ಅಲ್ಲ. ಇದನ್ನು ನಾವು ತುಂಬು ಮನಸ್ಸಿನಿಂದ ಮೆಚ್ಚುತ್ತೇವೆ.

ಆದರೆ ಯಂತ್ರ ಒಂದು ಹೇಳಿದರೆ ನಾವು ಇನ್ನೊಂದು ಕೇಳಿಸಿಕೊಳ್ಳುವುದೂ ಇದೆ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ನಮ್ಮ ಪಕ್ಕದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಂತ್ರ ಹೇಳಿದ್ದು ಇಷ್ಟೇ. ಯಾರೋ ಕೂತು ಭಾಗಾಕಾರ ಮಾಡಿದರು: 100 ಮೀಟರಿಗೆ 9.55 ಸೆಕೆಂಡು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ಅಷ್ಟು ಸಾಕಾಯಿತು. ಎರಡು ವಾರದಲ್ಲಿ ಸುದ್ದಿ ದೇಶ ದಾಟಿತು. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಮುಖ್ಯಮಂತ್ರಿಗಳು ಬೆಂಗಳೂರಿಗೆ ಕರೆಸಿ ಸನ್ಮಾನ ಮಾಡಿದರು. ಗೌಡರು ಮಾತ್ರ ಕೋಣಗಳಿಗೇ ಹೆಚ್ಚಿನ ಶ್ರೇಯ ಕೊಟ್ಟು, ಟ್ರಯಲ್ಸ್‌ಗೆ ಒಪ್ಪಲಿಲ್ಲ. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅವರು ಇನ್ನೂ ವೇಗವಾಗಿ ಓಡಿದರೆಂದು ಮತ್ತೊಂದು ಸುದ್ದಿಯಾಯಿತು.

ಈಗ ನೀವೇ ಮೊಬೈಲಿನ ಕ್ಯಾಲ್ಕುಲೇಟರ್ ತೆರೆಯಿರಿ. 13.62ನ್ನು 142.5ರಿಂದ ಭಾಗಿಸಿ 100ರಿಂದ ಗುಣಿಸಿ. ಬರುವುದು 9.557 ಚಿಲ್ಲರೆ. ಅಥ್ಲೆಟಿಕ್ಸ್‌ನಲ್ಲಿ ಇಂಥ ಚಿಲ್ಲರೆ ಬಂದರೆ ಮೇಲಕ್ಕೆ ಏರಿಸಿ ಬರೆಯುವುದು ನಿಯಮ. ಎಂದರೆ 9.56 ಆಗಬೇಕಿತ್ತು. ಇನ್ನು ಕರೆಯ ಉದ್ದವನ್ನು ಅರ್ಧ ಮೀಟರ್ ಕಡಿಮೆ ಮಾಡಿ, 142 ಮೀಟರ್ ಎಂದು ಹಾಕಿ ನೋಡಿ. ಉತ್ತರ 9.59. ಬೋಲ್ಟ್ ಮುಂದೆ ಹೋದರು! ಅರ್ಧ ಮೀಟರ್ ಹೆಚ್ಚು ಮಾಡಿದರೆ 9.52. ಕೆಸರಿನ ಕರೆಯಲ್ಲಿ ಅರ್ಧ ಮೀಟರ್ ಎಂದರೆ ಒಂದು ಮೊಣಕೈಯಷ್ಟು ದೂರ. ಇಡೀ ಜಗತ್ತು ಕುಣಿದದ್ದು ಆ ಮೊಣಕೈಯೊಳಗೆ.

ಇದರಿಂದ ಗೌಡರ ಓಟ ಸಣ್ಣದಾಗುವುದಿಲ್ಲ. ಮೊಣಕಾಲು ಹೂಳುವ ಕೆಸರಿನಲ್ಲಿ ಕೋಣದ ಹಗ್ಗ ಹಿಡಿದು ಹಾಗೆ ಓಡಲು ಎಂಥ ದೇಹ ಬೇಕು ಎಂಬುದು ಗದ್ದೆಗೆ ಇಳಿದವರಿಗೆ ಗೊತ್ತು. ನಾವು ಹೇಳುವುದು ಇಷ್ಟೇ: ಗಡಿಯಾರ ಎಷ್ಟೇ ನಿಖರವಾಗಿದ್ದರೂ, ಕರೆಯನ್ನು ಯಾರು, ಯಾವಾಗ, ಎಲ್ಲಿಂದ ಎಲ್ಲಿಗೆ ಅಳೆದರು ಎಂಬ ಕಾಗದ ಇಲ್ಲದಿದ್ದರೆ ಆ ನಿಖರತೆಗೆ ಅರ್ಥ ಇಲ್ಲ. ಒಂದು ಕರೆಯ ಉದ್ದ ಇನ್ನೊಂದಕ್ಕಿಲ್ಲ. ನೀರು, ಕೆಸರು ಎಲ್ಲ ಬೇರೆ ಬೇರೆ. ಅಥ್ಲೆಟಿಕ್ಸ್‌ನಲ್ಲಿ 100 ಮೀಟರ್ ದಾಖಲೆ ಒಪ್ಪಬೇಕಾದರೆ ಟ್ರ್ಯಾಕಿನ ಅಳತೆ, ಗಾಳಿಯ ವೇಗ, ಫೋಟೊ ಫಿನಿಶ್ ಎಲ್ಲದರ ಕಾಗದ ಬೇಕು. ಕೈಗಡಿಯಾರದ ಲೆಕ್ಕವನ್ನು ಕಡಿಮೆ ದೂರದ ಓಟದ ವಿಶ್ವದಾಖಲೆಗೆ ಒಪ್ಪುವುದನ್ನು 1977ರಲ್ಲೇ ನಿಲ್ಲಿಸಿದರು, ಏಕೆಂದರೆ ಬಂದೂಕಿನ ಶಬ್ದ ಕೇಳಿ ಬೆರಳು ಒತ್ತುವಾಗ ಮನುಷ್ಯ ತಡ ಮಾಡುತ್ತಾನೆ. ಅಲ್ಲಿ ಯಂತ್ರ ಮತ್ತು ನಿಯಮ ಒಟ್ಟೊಟ್ಟಿಗೆ ಬಂದವು. ನಮ್ಮಲ್ಲಿ ಯಂತ್ರ ಓಡಿ ಬಂತು, ನಿಯಮ ನಡೆದು ಬರುತ್ತಿದೆ.

ಹಾಗೆಂದು ಕಂಬಳದವರು ನಿಯಮವೇ ಇಲ್ಲದೆ ಕೂತವರಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಕ್ಕೆ ತಡೆ ಹಾಕಿದ ಮೇಲೆ ಅದರ ಬಿಸಿ ನಮ್ಮ ಕರೆಗಳಿಗೂ ತಟ್ಟಿತು. 2016ರಲ್ಲಿ ಹೈಕೋರ್ಟಿನ ತಡೆಯಿಂದ ಕಂಬಳ ನಿಂತೇ ಹೋಯಿತು. ಆಗ ಮೂಡುಬಿದಿರೆಯಲ್ಲಿ ಕೋಣಗಳೊಂದಿಗೆ ಜನ ಬೀದಿಗೆ ಇಳಿದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. 2017ರಲ್ಲಿ ರಾಜ್ಯ ಸರ್ಕಾರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರೂ ರಾಜ್ಯಗಳ ತಿದ್ದುಪಡಿಯನ್ನು ಎತ್ತಿ ಹಿಡಿಯಿತು.

ಆ ತೀರ್ಪಿನಲ್ಲಿ ನಮಗೆ ಮುಖ್ಯ ಅನಿಸಿದ್ದು ಸಂಭ್ರಮದಲ್ಲಿ ಯಾರೂ ಹೆಚ್ಚು ಹೇಳದ ಭಾಗ. ಕೋಣಗಳಿಗೆ ಅನಗತ್ಯ ನೋವಾಗಬಾರದು ಎಂಬ ಷರತ್ತಿನ ಮೇಲೆ ಈ ಅನುಮತಿ ನಿಂತಿದೆ. ಆ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ಜಿಲ್ಲಾಡಳಿತದ್ದು ಎಂದು ಕೋರ್ಟ್ ಹೇಳಿದೆ. ಅಂದರೆ ಕಂಬಳ ಉಳಿದದ್ದು ಬರೀ "ನಮ್ಮ ಹಿರಿಯರಿಂದ ಬಂದದ್ದು" ಎಂಬ ಮಾತಿನ ಬಲದಿಂದಲ್ಲ. ಬರೆದಿಟ್ಟ ನಿಯಮ ಇದೆ, ಉತ್ತರ ಕೊಡುವವರು ಇದ್ದಾರೆ ಎಂಬ ಬಲವೂ ಅದಕ್ಕೆ ಬೇಕಾಯಿತು.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೇರಿದ ಕಂಬಳ ಸಮಿತಿಯ ಸಭೆಗಳಲ್ಲಿ 24 ಗಂಟೆಯೊಳಗೆ ಕಂಬಳ ಮುಗಿಸಬೇಕು ಎಂಬ ಮಾತು ವರ್ಷಗಳಿಂದ ಇದೆ. ಇದು ಯಂತ್ರದಿಂದ ಬಗೆಹರಿಯುವ ವಿಷಯವೇ ಅಲ್ಲ. ಓಟ ಹನ್ನೆರಡು ಸೆಕೆಂಡಿನದ್ದು, ಅದಕ್ಕೆ ಮೊದಲು ಗಂತಿನಲ್ಲಿ ಕೋಣಗಳನ್ನು ಸರಿಯಾಗಿ ನಿಲ್ಲಿಸುವುದೇ ಎಷ್ಟೋ ಹೊತ್ತಿನದ್ದು. ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತಾರೆ. ಹಗ್ಗ ಹಿರಿಯದ ಫೈನಲ್ ನೋಡುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು. ನಿದ್ದೆಗೆಟ್ಟ ಓಟಗಾರನ ಕಾಲು, ಕಾದು ನಿಂತ ಕೋಣದ ಮೈ, ಎರಡಕ್ಕೂ ಅದರ ಪೆಟ್ಟು. "ಇಷ್ಟು ಹೊತ್ತಿನೊಳಗೆ ಬಿಡದಿದ್ದರೆ ನಿಮ್ಮ ಸರದಿ ಹೋಯಿತು" ಎಂದು ದೊಡ್ಡವರ ಮುಖ ನೋಡಿ ಹೇಳುವ ಧೈರ್ಯ ಯಾವ ಸಾಫ್ಟ್‌ವೇರಿಗೂ ಇಲ್ಲ. ಅದಕ್ಕೆ ಸಮಿತಿಯೇ ಬೇಕು, ಸಮಿತಿಯ ಬೆನ್ನಿಗೆ ನಿಯಮ ಬೇಕು.

ಇದು ನಮ್ಮ ಕರಾವಳಿಯ ಕಥೆ ಮಾತ್ರ ಎಂದುಕೊಳ್ಳಬೇಡಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಫೈನಲ್. ಅಮೆರಿಕದ ರಾಯ್ ಜೋನ್ಸ್ ಎಂಬ ಹುಡುಗ ಎದುರಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಪೆಟ್ಟು ಕೊಟ್ಟಿದ್ದ. ಆದರೂ ಐವರು ತೀರ್ಪುಗಾರರಲ್ಲಿ ಮೂವರು ಆತಿಥೇಯ ಕೊರಿಯಾದ ಬಾಕ್ಸರನ್ನು ಗೆಲ್ಲಿಸಿದರು. ಜಗತ್ತೇ ಛೀ ಎಂದಿತು. ಆಗ ಅಂತರರಾಷ್ಟ್ರೀಯ ಹವ್ಯಾಸಿ ಬಾಕ್ಸಿಂಗ್ ಸಂಸ್ಥೆ ಕಂಪ್ಯೂಟರ್ ತಂದಿತು. 1992ರ ಬಾರ್ಸಿಲೋನಾದಲ್ಲಿ ಐವರ ಕೈಗೂ ಬಟನ್. ಒಂದೇ ಸೆಕೆಂಡಿನೊಳಗೆ ಮೂವರಾದರೂ ಒತ್ತಿದರೆ ಅಂಕ, ಇಲ್ಲದಿದ್ದರೆ ಇಲ್ಲ. ಇನ್ನು ಮೋಸಕ್ಕೆ ದಾರಿಯೇ ಇಲ್ಲ ಎಂದರು.

ದಾರಿ ಇತ್ತು. ಬಟನ್ ಒತ್ತುವ ಮನುಷ್ಯನನ್ನು ಯಾರು ಆರಿಸುತ್ತಾರೆ, ತಪ್ಪಿದರೆ ಯಾರು ಕೇಳುತ್ತಾರೆ ಎಂಬುದು ಹಳೆಯ ಹಾಗೆಯೇ ಉಳಿಯಿತು. ಲಂಡನ್ ಒಲಿಂಪಿಕ್ಸ್ ಆದ ಮೇಲೆ ಆ ಕಂಪ್ಯೂಟರ್ ಅಂಕದ ಪದ್ಧತಿಯನ್ನೇ ಕೈಬಿಟ್ಟರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮತ್ತೆ ಅದೇ ರಗಳೆ. ಅಲ್ಲಿ ಫಲಿತಾಂಶ ತಿರುಚುವ ವ್ಯವಸ್ಥೆಯೇ ಇತ್ತು ಎಂದು 2021ರಲ್ಲಿ ತನಿಖಾ ವರದಿ ಬಂತು. 2019ರಲ್ಲೇ ಅಮಾನತಾಗಿದ್ದ ಆ ಸಂಸ್ಥೆಯ ಮಾನ್ಯತೆಯನ್ನು 2023ರಲ್ಲಿ ಒಲಿಂಪಿಕ್ ಸಮಿತಿ ಪೂರ್ತಿ ಕಿತ್ತುಹಾಕಿತು. ಬಟನ್ ಬದಲಾದರೆ ಸಾಲದು, ಬಟನ್ ಇಟ್ಟುಕೊಂಡವರ ಮೇಲೆ ಕಣ್ಣು ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ಸಿಗಲಿಲ್ಲ.

ಅಷ್ಟು ದೂರ ಯಾಕೆ, ಕಬಡ್ಡಿಯನ್ನೇ ನೋಡಿ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಟಿವಿಯಲ್ಲಿ ರಿವ್ಯೂ, ಸ್ಲೋ ಮೋಷನ್ ಎಲ್ಲ ಬಂತು. ಆದರೆ ಅಮೆಚೂರ್ ಕಬಡ್ಡಿ ಫೆಡರೇಶನ್‌ನ ಚುಕ್ಕಾಣಿ ಒಂದೇ ಕುಟುಂಬದವರ ಕೈಯಲ್ಲಿತ್ತು. 2018ರಲ್ಲಿ ದೆಹಲಿ ಹೈಕೋರ್ಟ್ ಆ ಆಯ್ಕೆಯನ್ನು ರದ್ದು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು. ಚುನಾಯಿತ ಸಮಿತಿಯ ಕೈಗೆ ಅಧಿಕಾರ ಮರಳಿ ಬಂದದ್ದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2025ರಲ್ಲಿ. ನಡುವಿನ ಆರು ಚಿಲ್ಲರೆ ವರ್ಷ ಆಟಗಾರರ ಪ್ರಾಯ ಮಾತ್ರ ಯಾರ ತೀರ್ಪಿಗೂ ಕಾಯದೆ ಮುಂದೆ ಹೋಯಿತು.

ಈಗ ನಮ್ಮ ಅಂಗಳಕ್ಕೆ ಬರೋಣ. ಎರಡು ವರ್ಷದ ಹಿಂದೆ ಇಲ್ಲೇ ಹತ್ತಿರದ ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ. ನಮ್ಮ ಗೆಳೆಯರ ತಂಡವೂ ಇತ್ತು. ಆ ವರ್ಷ ಹೊಸತಾಗಿ ಮೊಬೈಲ್ ಆ್ಯಪ್‌ನಲ್ಲಿ ಅಂಕ ಹಾಕಿ, ಅದನ್ನು ದೊಡ್ಡ ಟಿವಿಯಲ್ಲಿ ತೋರಿಸುತ್ತಿದ್ದರು. ನೋಡಲು ಬಹಳ ಚಂದ. ಆ್ಯಪ್ ಇದೆಯಲ್ಲ ಎಂದು ಕಾಗದದ ಅಂಕಪಟ್ಟಿ ಬರೆಯುವುದನ್ನು ಬಿಟ್ಟಿದ್ದರು. ಕೊನೆಯ ನಿಮಿಷದಲ್ಲಿ ನಮ್ಮ ಹುಡುಗ ಬೋನಸ್ ಗೆರೆ ದಾಟಿದ. ಅಂಪೈರ್ ಹೆಬ್ಬೆರಳು ಎತ್ತಿ ಅಂಕ ಕೊಟ್ಟರು. ಟಿವಿಯಲ್ಲಿ ಅಂಕ ಬೀಳಲಿಲ್ಲ. ಸೀಟಿ ಊದಿದಾಗ ಪರದೆಯ ಪ್ರಕಾರ ನಾವು ಒಂದು ಅಂಕದಿಂದ ಹಿಂದೆ.

"ನಾನು ಕೊಟ್ಟದ್ದು ಹೌದು" ಎಂದರು ಅಂಪೈರ್. "ಆದರೆ ಅಣ್ಣ, ಟಿವಿಯಲ್ಲಿ ಇಲ್ಲವಲ್ಲ" ಎಂದರು ಎದುರು ತಂಡದವರು. ಇಬ್ಬರೂ ಹೇಳಿದ್ದು ಸುಳ್ಳಲ್ಲ. ಸೀಟಿ ದೊಡ್ಡದೋ, ಪರದೆ ದೊಡ್ಡದೋ ಎಂದು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. ಆಕ್ಷೇಪ ಕೇಳಲು ಇಂಥವರು ಎಂದೂ ಇರಲಿಲ್ಲ. ಅಂಕ ಹಾಕುತ್ತಿದ್ದವನು ಹತ್ತನೇ ಕ್ಲಾಸಿನ ಹುಡುಗ. ಅವನ ಸುತ್ತ ಐವತ್ತು ಜನ ನಿಂತು ಬೊಬ್ಬೆ ಹಾಕುವಾಗ ಪಾಪ ಅವನ ಕೈ ನಡುಗುತ್ತಿತ್ತು. ಕೊನೆಗೆ ಸಂಘಟಕರು ಹೇಳಿದರು: ಮೊಬೈಲಿನಲ್ಲಿ ಇದ್ದದ್ದೇ ಅಂತಿಮ.

ಸೋತದ್ದು ದೊಡ್ಡ ವಿಷಯ ಅಲ್ಲ. ಆ ರಾತ್ರಿ ನಾವು ಕಂಡದ್ದು ಬೇರೆ. ಅಧಿಕಾರ ಅಂಪೈರ್ ಕೈಯಿಂದ ಜಾರಿ ಮೊಬೈಲ್ ಹಿಡಿದವನ ಕೈಗೆ ಹೋಗಿತ್ತು. ಅದನ್ನು ಯಾರೂ ಕೊಟ್ಟದ್ದಲ್ಲ, ಅವನು ಕೇಳಿ ಪಡೆದದ್ದೂ ಅಲ್ಲ. ನಿಯಮ ಇಲ್ಲದ ಕಡೆಗೆ ಯಂತ್ರ ಬಂದರೆ ಹೀಗೆಯೇ ಆಗುತ್ತದೆ. ಪಾಸ್‌ವರ್ಡ್ ಯಾರಲ್ಲಿದೆಯೋ ಅವರೇ ಅಧ್ಯಕ್ಷರು.

ನಾವು ಬಲ್ಲ ಇನ್ನೊಂದು ಸಂಘದಲ್ಲಿ ಇದೇ ಮಾತು ದುಡ್ಡಿನ ರೂಪದಲ್ಲಿ ಬಂತು. ದೇಣಿಗೆಗೆಂದು ಕ್ಯೂಆರ್ ಕೋಡ್ ಮಾಡಿಸಿದ್ದರು. ಸಂಘದ ಹೆಸರಿನ ಖಾತೆಗೆ ಓಡಾಟ ಜಾಸ್ತಿ ಎಂದು ಒಬ್ಬ ಸದಸ್ಯರ ಸ್ವಂತ ಖಾತೆಗೇ ಜೋಡಿಸಿದರು. ಸಂಘದ ಇಮೇಲ್, ಫೇಸ್‌ಬುಕ್ ಪುಟ ಎಲ್ಲವೂ ಅವರದೇ ನಂಬರಿನಲ್ಲಿ. ಅವರು ಒಂದು ರೂಪಾಯಿ ಆಚೀಚೆ ಮಾಡಿದವರಲ್ಲ. ಆದರೆ ಕೆಲಸ ಸಿಕ್ಕಿ ದುಬೈಗೆ ಹೋದರು. ಸಿಮ್ ಕೂಡ ಹೋಯಿತು. ಕ್ರೀಡಾಕೂಟ ಇಲ್ಲಿ, ಒಟಿಪಿ ಅಲ್ಲಿ. ಇತ್ತ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕ ಮಂಡಿಸಲು ಕೂತರೆ, ಸಂಘದ ದುಡ್ಡು ಯಾವುದು, ಆ ಮನೆಯವರ ಗ್ಯಾಸಿನ ಬಿಲ್ ಯಾವುದು ಎಂದು ಬೇರೆ ಮಾಡುವುದೇ ಒಂದು ಸಾಹಸ. ಒಳ್ಳೆಯ ಮನುಷ್ಯನ ಮೇಲೆ ಊರಿನಲ್ಲಿ ಗುಸುಗುಸು ಶುರುವಾಯಿತು. ನಿಯಮ ಇರುವುದು ಕಳ್ಳನನ್ನು ಹಿಡಿಯಲು ಮಾತ್ರ ಎಂದು ತಿಳಿದವರು ಇದನ್ನು ನೋಡಬೇಕಿತ್ತು. ಪ್ರಾಮಾಣಿಕನನ್ನು ಕಾಪಾಡಲೂ ನಿಯಮವೇ ಬೇಕು.

ಕಾನೂನಿನಲ್ಲಿ ದಾರಿ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ವರ್ಷಕ್ಕೊಂದು ಮಹಾಸಭೆ ಆಗಬೇಕು, ಲೆಕ್ಕಪತ್ರ ಮತ್ತು ಸಮಿತಿಯವರ ಪಟ್ಟಿಯನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಯುವಕ ಮಂಡಲ, ಯುವತಿ ಮಂಡಲ, ಫ್ರೆಂಡ್ಸ್ ಕ್ಲಬ್ ಯಾವುದೇ ಇರಲಿ, ನೋಂದಣಿ ಆಗಿದ್ದರೆ ಬೈಲಾ ಎಂಬ ಪುಸ್ತಕ ಇದ್ದೇ ಇರುತ್ತದೆ. ಹೆಚ್ಚಿನ ಕಡೆ ಅದು ಕಪಾಟಿನಲ್ಲಿ ಹಳೆಯ ಟ್ರೋಫಿಗಳ ಹಿಂದೆ ಇದೆ. ಆ ಬೈಲಾ ಬರೆದಾಗ ಆ್ಯಪ್ ಇರಲಿಲ್ಲ, ಕ್ಯೂಆರ್ ಇರಲಿಲ್ಲ. ಮೊಬೈಲಿನ ಆ್ಯಪ್ ತಿಂಗಳಿಗೊಮ್ಮೆ ಅಪ್‌ಡೇಟ್ ಕೇಳುತ್ತದೆ, ನಾವು ಒತ್ತುತ್ತೇವೆ. ಬೈಲಾ ಬಾಯಿ ಬಿಟ್ಟು ಕೇಳುವುದಿಲ್ಲ ನೋಡಿ, ಹಾಗಾಗಿ ಮೂವತ್ತು ವರ್ಷದಿಂದ ಹಾಗೇ ಕೂತಿದೆ.

ಕಳೆದ ಬಾರಿಯ ಮಹಾಸಭೆಯಲ್ಲಿ ನಾವು ನಮ್ಮ ಸಂಘದ ಎದುರು ಒಂದು ಹಾಳೆ ಇಟ್ಟೆವು. ಅದರಲ್ಲಿ ಇದ್ದದ್ದು ಐದೇ ಮಾತು.

ಒಂದು, ಸಂಘದ ಪ್ರತಿ ಪಾಸ್‌ವರ್ಡ್ ಇಬ್ಬರ ಬಳಿ ಇರಬೇಕು, ಸಮಿತಿ ಬದಲಾದ ದಿನವೇ ಅದೂ ಬದಲಾಗಬೇಕು.

ಎರಡು, ಕ್ಯೂಆರ್ ಕೋಡ್ ಸಂಘದ ಖಾತೆಗೇ ಹೋಗಬೇಕು, ಪಂದ್ಯಾಟ ಮುಗಿದ ಮೇಲೆ ಜಮಾ-ಖರ್ಚನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಕು.

ಮೂರು, ಆ್ಯಪ್ ಇದ್ದರೂ ಕಾಗದದ ಅಂಕಪಟ್ಟಿ ಇರಬೇಕು, ಎರಡರಲ್ಲಿ ವ್ಯತ್ಯಾಸ ಬಂದರೆ ಯಾವುದು ಊರ್ಜಿತ ಎಂದು ಟಾಸ್‌ಗೆ ಮೊದಲೇ ಮೈಕಿನಲ್ಲಿ ಹೇಳಬೇಕು.

ನಾಲ್ಕು, ಆಕ್ಷೇಪ ಕೇಳುವ ಮೂವರ ಹೆಸರು ಮೊದಲೇ ಗೊತ್ತಿರಬೇಕು, ಅವರ ತಂಡ ಆಡುವಾಗ ಅವರು ಎದ್ದು ಹೋಗಬೇಕು.

ಐದು, ಸಮಿತಿಯಲ್ಲಿ ಈಗ ಆಡುತ್ತಿರುವ ಆಟಗಾರರು ಮತ್ತು ಹೆಣ್ಣುಮಕ್ಕಳು ಇರಬೇಕು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ದೇಶದ ದೊಡ್ಡ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರು ಇರಬೇಕು ಎನ್ನುತ್ತದೆ. ನಮ್ಮಂಥ ಸಣ್ಣ ಸಂಘಕ್ಕೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಒಳ್ಳೆಯದನ್ನು ಮಾಡಲು ಕಾನೂನೇ ಬೆನ್ನಟ್ಟಬೇಕೆಂದಿಲ್ಲವಲ್ಲ.

ಹಾಳೆ ಓದಿ ಮುಗಿದಾಗ ಹಿರಿಯರೊಬ್ಬರು, "ಎಂತ ಮಕ್ಕಳೇ, ಇದು ಆಟದ ಸಂಘವಾ, ಬ್ಯಾಂಕಾ?" ಎಂದು ನಕ್ಕರು. ಇನ್ನೊಬ್ಬರು, "ನಮ್ಮ ನಮ್ಮೊಳಗೆ ನಂಬಿಕೆ ಇಲ್ಲವಾ?" ಎಂದರು. ಆ ಮಾತಿಗೆ ನಮ್ಮಲ್ಲಿ ಒಬ್ಬಳು ಎದ್ದು ನಿಂತು ಹೇಳಿದಳು: "ನಂಬಿಕೆ ಇದೆ ಮಾವ. ಅದು ಉಳಿಯಲಿ ಎಂದೇ ಬರೆದದ್ದು." ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು.

ಐದರಲ್ಲಿ ಮೊದಲ ಮೂರು ಪಾಸಾದವು. ನಾಲ್ಕನೆಯದನ್ನು ನೋಡೋಣ ಎಂದಿದ್ದಾರೆ. ಐದನೆಯದಕ್ಕೆ ಇಬ್ಬರು ಹುಡುಗಿಯರನ್ನು "ವಿಶೇಷ ಆಹ್ವಾನಿತರು" ಎಂದು ಸೇರಿಸಿದ್ದಾರೆ. ಎಂದರೆ ಕುರ್ಚಿ ಉಂಟು, ಕೈ ಎತ್ತುವ ಹಕ್ಕಿಲ್ಲ. ಮುಂದಿನ ಮಹಾಸಭೆಯಲ್ಲಿ ಅದನ್ನು ಮತ್ತೆ ಕೇಳುವವರಿದ್ದೇವೆ.

ಈ ಬರಹವನ್ನು ಮೊಬೈಲಿನಲ್ಲಿ ಓದುತ್ತಿರುವ ನೀವೂ ಯಾವುದಾದರೊಂದು ಸಂಘದ ಸದಸ್ಯರೇ ಇರುತ್ತೀರಿ. ಕಂಬಳವೋ, ಕಬಡ್ಡಿಯೋ, ವಾಲಿಬಾಲೋ, ಯಾವುದಾದರೂ ಆಗಲಿ. ಮುಂದಿನ ಸಭೆಗೆ ಹೋದಾಗ ಹೊಸ ಆ್ಯಪ್ ಯಾವುದು ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. ಪಾಸ್‌ವರ್ಡ್ ಯಾರ ಕೈಯಲ್ಲಿದೆ? ಅವರು ತಪ್ಪಿದರೆ ನಾವು ಯಾರ ಬಾಗಿಲು ಬಡಿಯಬೇಕು? ಉತ್ತರ ಕೂಡಲೇ ಬಂದರೆ ನಿಮ್ಮ ಸಂಘ ಗಟ್ಟಿ ಇದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಒಂದು ಬಿಳಿ ಹಾಳೆ ಮತ್ತು ಪೆನ್ನು ತರಿಸಿ. ಆ ಕೆಲಸಕ್ಕೆ ಇಂಟರ್ನೆಟ್ ಬೇಡ, ಕರೆಂಟೂ ಬೇಡ.